ದೀಪದ ಸ್ವಿಚ್ ಪ್ಲಸ್ ತಂತಿಯಲ್ಲಿರಲಿ, ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗಿರಲಿ

ಕುಶಾಲನಗರದ ಮಿತ್ರರೇ, ಒಳಗೆ ಮಲಗಿ ಪ್ರಯಾಣಿಸಲು ಸಜ್ಜುಗೊಳಿಸುತ್ತಿರುವ ನಿಮ್ಮ ಟ್ರಾವೆಲರ್ ವ್ಯಾನಿನ ಒಳಗೋಡೆಗೆ, ದೀಪಗಳಿಗೆಂದು ಮನೆಯ ಸ್ವಿಚ್ ಕೂರಿಸಿ ಹಾಕಿರುವ ಚಿತ್ರಗಳನ್ನು ಎರಡು ಸಲ ನೋಡಿದೆ. ಪ್ಲೈವುಡ್ ಕೆಲಸ ಅಚ್ಚುಕಟ್ಟಾಗಿದೆ. ಆದರೆ ಸ್ವಿಚ್ಚಿಗೆ ಬಂದಿರುವ ಎರಡೂ ತಂತಿಗಳು ಕಪ್ಪು ಬಣ್ಣದವು, ಅಂದರೆ ನೀವು ಮೈನಸ್ ತಂತಿಯನ್ನು ಕತ್ತರಿಸಿ ಸ್ವಿಚ್ ಹಾಕಿದ್ದೀರಿ. "12 ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲ, ಯಾವ ಕಡೆ ಹಾಕಿದರೂ ದೀಪ ಆರುತ್ತದೆ" ಎಂದು ಬರೆದಿದ್ದೀರಿ. ನಾನೂ ಇದೇ ಮಾತನ್ನು ಹೇಳಿ ಇದೇ ಕೆಲಸ ಮಾಡಿ, ಒಂದು ವರ್ಷವೂ ತುಂಬದ ಬ್ಯಾಟರಿಯನ್ನು ಕಳೆದುಕೊಂಡೆ.

ಕಕ್ಕಡ ತಿಂಗಳ ಮಳೆಯಲ್ಲಿ ತೋಟ ಬಿಟ್ಟು ಹೊರಡುವ ಮಾತೇ ಇರಲಿಲ್ಲವಾದ್ದರಿಂದ ಗಾಡಿಯನ್ನು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ, ಪರದೆಗಳನ್ನೆಳೆದು, ಎಲ್ಲ ಸ್ವಿಚ್ಚುಗಳನ್ನೂ ಆಫ್ ಮಾಡಿ ಬಂದಿದ್ದೆ. ವಾರ ಕಳೆದು ನೋಡಿದರೆ 100 ಆಂಪಿಯರ್-ಅವರ್ ಬ್ಯಾಟರಿಯ ಮೇಲೆ ಮೀಟರ್ 4 ವೋಲ್ಟನ್ನೂ ತೋರಿಸಲಿಲ್ಲ. ಬೇರೊಂದು ಬ್ಯಾಟರಿ ತಂದು ಜೋಡಿಸಿದ ಕ್ಷಣವೇ, ಸ್ವಿಚ್ ಆಫ್ ಇದ್ದಂತೆಯೇ, ಛಾವಣಿಯ ದೀಪಗಳು ಹೊತ್ತಿಕೊಂಡವು. ಬಾಗಿಲ ಕಂಬದ ತಗಡಿನ ತೂತಿಗೆ ನಾನು ರಬ್ಬರ್ ಗ್ರಾಮೆಟ್, ಅಂದರೆ ತಂತಿ ಅಂಚಿಗೆ ಉಜ್ಜದಂತೆ ತಡೆಯುವ ಬಳೆ, ಹಾಕಿರಲಿಲ್ಲ. ಸಂಪಾಜೆ ಘಾಟಿಯ ಕುಲುಕಾಟಕ್ಕೆ ತಂತಿಯ ಹೊದಿಕೆ ಸವೆದು, ಕಡಲೆಬೇಳೆಯಷ್ಟು ಜಾಗದಲ್ಲಿ ತಾಮ್ರ ಹೊರಬಂದು ತಗಡಿಗೆ ತಾಗಿತ್ತು, ಸುತ್ತ ಹಸಿರು ಕಿಲುಬು ಹಿಡಿದಿತ್ತು. ನನ್ನ ಗಾಡಿಯಲ್ಲಿ, ನಿಮ್ಮದರಲ್ಲಿ ಇರುವಂತೆಯೇ, ಬ್ಯಾಟರಿಯ ಮೈನಸ್ ಗಾಡಿಯ ತಗಡಿನ ಮೈಗೇ (ಬಾಡಿ) ಸೇರಿರುವುದರಿಂದ, ದೀಪಕ್ಕೂ ಸ್ವಿಚ್ಚಿಗೂ ನಡುವಿನ ಮೈನಸ್ ತಂತಿ ಎಲ್ಲಿ ತಗಡಿಗೆ ತಾಗಿದರೂ ಸರ್ಕ್ಯೂಟ್ ಅಲ್ಲೇ ಪೂರ್ಣವಾಗುತ್ತದೆ, ಸ್ವಿಚ್ಚಿಗೆ ಕೆಲಸವೇ ಉಳಿಯುವುದಿಲ್ಲ. 18 ವ್ಯಾಟ್ ದೀಪ ಎಂದರೆ 1.5 ಆಂಪಿಯರ್, 66 ಗಂಟೆಗಳಲ್ಲಿ 100 ಆಂಪಿಯರ್-ಅವರ್ ಮುಗಿದುಹೋಗುತ್ತದೆ. ಲೆಡ್-ಆಸಿಡ್ ಬ್ಯಾಟರಿ ಹಾಗೆ ಬರಿದಾಗಿ ನಾಲ್ಕು ದಿನ ಬಿದ್ದಿದ್ದರಿಂದ ಮತ್ತೆ ಚಾರ್ಜ್ ಹಿಡಿಯಲಿಲ್ಲ.

ಸ್ವಿಚ್ ಪ್ಲಸ್ ತಂತಿಯಲ್ಲಿದ್ದಿದ್ದರೆ, ಆಫ್ ಮಾಡಿದ ಮೇಲೆ ಅದರ ಮುಂದಿನ ತಂತಿಯಲ್ಲಿ ಏನೂ ಇರುತ್ತಿರಲಿಲ್ಲ. ಆ ತಂತಿ ಸವೆದು ತಗಡಿಗೆ ತಾಗಿದ್ದರೂ ಸ್ವಿಚ್ ಒತ್ತಿದೊಡನೆ ಫ್ಯೂಸ್ ಹೋಗಿ ದೋಷ ಅಂದೇ ತಿಳಿಯುತ್ತಿತ್ತು. ಆದರೆ ನಿಮ್ಮ ಚಿತ್ರದಲ್ಲಿ ಫ್ಯೂಸ್ ಇರುವುದು ಸ್ವಿಚ್ ಬೋರ್ಡಿನಲ್ಲಿ, ಬ್ಯಾಟರಿಯಿಂದ ಮೂರು ಮೀಟರ್ ದೂರದಲ್ಲಿ. ನಡುವಿನ ಮೂರು ಮೀಟರ್ ತಂತಿಯನ್ನು ಕಾಯುವವರು ಯಾರು? 12 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಶಾರ್ಟ್ ಆದರೆ ಆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ತಂತಿ ಕೆಂಪಗೆ ಕಾದು ಪ್ಲೈವುಡ್ಡಿನ ಹಿಂದೆ ಬೆಂಕಿ ಹತ್ತಲು ಬಹಳ ಹೊತ್ತು ಬೇಕಿಲ್ಲ. ನೀವು ಮಕ್ಕಳನ್ನು ಒಳಗೆ ಮಲಗಿಸುವ ಗಾಡಿ ಅದು. ದಯವಿಟ್ಟು ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಬ್ಲೇಡ್ ಫ್ಯೂಸ್ (ವಾಹನಗಳಲ್ಲಿ ಬಳಸುವ ಚಪ್ಪಟೆ ಕಾಲಿನ ಫ್ಯೂಸ್) ಹಾಕಿರಿ. ಫ್ಯೂಸ್ ಕಾಯುವುದು ತಂತಿಯನ್ನೇ ಹೊರತು ದೀಪವನ್ನಲ್ಲ, ಆದ್ದರಿಂದ ಅದರ ಅಳತೆಯನ್ನು ತಂತಿಯ ದಪ್ಪಕ್ಕೆ ತಕ್ಕಂತೆ ಆರಿಸಬೇಕು. ನಿಮಗೆ ಕಂದು ಬಣ್ಣದ 7.5 ಆಂಪಿಯರ್ ಸಾಕು. ಈಗ ಹಾಕಿರುವ ಹಳದಿ 20 ಆಂಪಿಯರ್ ಅನ್ನು ಇಂದೇ ತೆಗೆದುಬಿಡಿ.

ತಂತಿಯೂ ತೆಳುವಾಗಿದೆ. ಆರು ದೀಪಗಳಿಗೆ 24 ವ್ಯಾಟ್, ಅಂದರೆ 2 ಆಂಪಿಯರ್. ಹೋಗಿಬರುವ ದಾರಿ 10 ಮೀಟರ್ ಎಂದಿಟ್ಟುಕೊಂಡರೆ 0.5 ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು 0.8 ವೋಲ್ಟ್ ಸೋರಿಹೋಗುತ್ತದೆ, 1.5ರಲ್ಲಿ ಅದು 0.27ಕ್ಕೆ ಇಳಿಯುತ್ತದೆ. ನಾನು ಫಿನೋಲೆಕ್ಸ್ 1.5 ಮಲ್ಟಿಸ್ಟ್ರಾಂಡ್ ಬಳಸುತ್ತೇನೆ, ಪಾಲಿಕ್ಯಾಬ್ ಕೂಡ ಒಳ್ಳೆಯದೇ. ಹೆಸರಿಲ್ಲದ ಅಗ್ಗದ ಸುರುಳಿಯನ್ನು ಕೊಳ್ಳುವುದಾದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ಕೆಂಪಗಿದ್ದು ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ನಮ್ಮ ಮಳೆಗೆ ಬಹಳ ಕಾಲ ಬಾಳದು. ಬೆಸುಗೆಯನ್ನೂ ನೆಚ್ಚಬೇಡಿ, ಏಕೆಂದರೆ ಕುಲುಕಾಟಕ್ಕೆ ಬೆಸುಗೆ ಮುಗಿಯುವ ಜಾಗದಲ್ಲೇ ತಂತಿ ತುಂಡಾಗುತ್ತದೆ. ತಂತಿಯ ತುದಿಗೆ ಲಗ್ (ಲೋಹದ ಟೋಪಿ) ಹಾಕಿ ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸುವುದೇ ಸರಿ.

ಮನೆಯ ಸ್ವಿಚ್ ನಡೆಯುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ಬಂದರೆ, ಅದರ ಮೇಲೆ ಬರೆದಿರುವ 6 ಆಂಪಿಯರ್ ಎಸಿ, ಅಂದರೆ ಮನೆಯ ಕರೆಂಟಿನ, ಲೆಕ್ಕದ್ದು. ಎಸಿ ಪ್ರವಾಹ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ, ಅಂದರೆ ಬ್ಯಾಟರಿಯ ಕರೆಂಟಿನಲ್ಲಿ, ಆ ಅನುಕೂಲವಿಲ್ಲ. ಆದರೂ 12 ವೋಲ್ಟಿನಲ್ಲಿ ಎರಡು ಆಂಪಿಯರ್‌ನ ಎಲ್‌ಇಡಿ ದೀಪಕ್ಕೆ ನನ್ನ ಆಂಕರ್ ರೋಮಾ ಸ್ವಿಚ್ ನಾಲ್ಕು ಮಳೆಗಾಲ ಬಾಳಿದೆ. ನೀರಿನ ಪಂಪು, ಫ್ರಿಜ್ಜುಗಳಿಗೆ ಮಾತ್ರ ಡಿಸಿ ಅಳತೆ ಬರೆದಿರುವ ರಾಕರ್ ಸ್ವಿಚ್ಚನ್ನೇ ತರಬೇಕು. ಬೆಳಕು ತಗ್ಗಿಸುವ ಮನೆಯ ಡಿಮ್ಮರ್ ಅಥವಾ ಫ್ಯಾನ್ ರೆಗ್ಯುಲೇಟರ್ ಡಿಸಿಯಲ್ಲಿ ಕೆಲಸ ಮಾಡುವುದೇ ಇಲ್ಲ. 12 ವೋಲ್ಟಿನ ಡಿಮ್ಮರ್ ಕೊಂಡರೆ ಅದನ್ನು ಸ್ವಿಚ್ಚಿಗೂ ದೀಪಕ್ಕೂ ನಡುವೆ ಇಡಿ, ಆದರೆ ಅವುಗಳಲ್ಲಿ ಅನೇಕವು ಮೈನಸ್ ಕಡೆಯನ್ನೇ ನಿಯಂತ್ರಿಸುವುದರಿಂದ ದೀಪದ ಮೈನಸ್ಸನ್ನು ಗಾಡಿಯ ತಗಡಿಗೆ ಕೊಡದೆ ಡಿಮ್ಮರ್‌ಗೇ ಮರಳಿಸಬೇಕು. ಬಾಗಿಲ ಬಳಿ ಒಂದು, ಮಂಚದ ಬಳಿ ಒಂದು ಸ್ವಿಚ್ ಬೇಕೆಂದರೆ ಮೆಟ್ಟಿಲಿಗೆ ಹಾಕುವ ಟೂ-ವೇ ಸ್ವಿಚ್ಚುಗಳೇ ಸಾಕು.

ಇನ್ನೊಂದು ಮಾತು: ಇನ್ವರ್ಟರಿನ 230 ವೋಲ್ಟ್ ಸ್ವಿಚ್ಚನ್ನು ಇದೇ ಬಾಕ್ಸಿನಲ್ಲಿ ಕೂರಿಸಿದ್ದೀರಿ. ಎರಡರಲ್ಲೂ ಕೆಂಪು-ಕಪ್ಪು ತಂತಿಗಳೇ ಇರುವಾಗ ನಾಳೆ ರಿಪೇರಿಗೆ ಬಂದವರು 12 ವೋಲ್ಟ್ ಎಂದು ತಿಳಿದು ಬರಿಗೈಯಲ್ಲಿ 230 ಅನ್ನು ಮುಟ್ಟಬಹುದು. ಬಾಕ್ಸುಗಳನ್ನು ಬೇರೆ ಮಾಡಿ.

ಪ್ಲೈವುಡ್ ಮುಚ್ಚುವ ಮೊದಲು ಸ್ವಿಚ್ ಆಫ್ ಮಾಡಿ, ಪ್ರತಿ ದೀಪದ ಪ್ಲಸ್ ಟರ್ಮಿನಲ್ಲಿಗೂ ಬಾಡಿಯ ಬರಿ ತಗಡಿಗೂ ಮೀಟರಿನ ಕಡ್ಡಿಗಳನ್ನು ಇಟ್ಟು ನೋಡಿ; ಸೊನ್ನೆ ಬರಬೇಕು. 12 ಬಂದರೆ ಸ್ವಿಚ್ ಇನ್ನೂ ತಪ್ಪು ಕಡೆಯೇ ಇದೆ ಎಂದರ್ಥ. ಆ ಹಂತದಲ್ಲಿ ಬೋರ್ಡಿನ ಹಿಂಭಾಗದ ಒಂದು ಚಿತ್ರವನ್ನು ಇಲ್ಲಿ ಹಾಕಿರಿ, ನೋಡಿ ಹೇಳುತ್ತೇನೆ.