ಕಡಲ ಬದಿಯ ಮನೆಗೆ ಕಾರ್ಬನ್ ಗಿಟಾರು

ಪ್ರಶ್ನೆ: ನನಗೀಗ 49 ವರ್ಷ. ಕಾಪುವಿನಲ್ಲಿರುವ ನಮ್ಮ ಮನೆಯಿಂದ ಕಡಲಿಗೆ ಮುನ್ನೂರು ಹೆಜ್ಜೆಯೂ ಇಲ್ಲ. ಕಾಲೇಜಿನ ದಿನಗಳಿಂದಲೂ ಗಿಟಾರು ಕಲಿಯುವ ಆಸೆಯಿತ್ತು, ಈಗ ಬಿಡುವು ಸಿಕ್ಕಿದೆ. ಅಣ್ಣನ ಮರದ ಗಿಟಾರು ಎರಡೇ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಅಟ್ಟ ಸೇರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದುಬೈಯಲ್ಲಿರುವ ಮಗಳು, ಕಾರ್ಬನ್ ಫೈಬರಿನ ಗಿಟಾರು ತರುತ್ತೇನೆ, ಅದಕ್ಕೆ ಮಳೆಯ ಹಂಗಿಲ್ಲ ಎನ್ನುತ್ತಾಳೆ. ಬೆಲೆ ಎರಡೂವರೆ ಲಕ್ಷದ ಆಸುಪಾಸು. ಪಾಠ ಹೇಳಲು ಒಪ್ಪಿರುವ ಮಾಸ್ಟ್ರು ಮಾತ್ರ, ಕಲಿಯುವವರಿಗೆ ಇಷ್ಟೆಲ್ಲ ಯಾಕೆ, ಹತ್ತು ಸಾವಿರದ್ದು ಸಾಕು ಎಂದು ನಗುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಕಾಪು

ಉತ್ತರ: ಎರಡೂವರೆ ಲಕ್ಷ ಹೆಚ್ಚೋ ಕಡಿಮೆಯೋ ಎಂಬುದನ್ನು ನಿಮ್ಮ ಮನೆಯವರೇ ತೀರ್ಮಾನಿಸಬೇಕು, ನಾನು ವಾದ್ಯದ ಬಗ್ಗೆಯಷ್ಟೇ ಹೇಳಬಲ್ಲೆ. ಮಗಳು ಹೇಳಿದ್ದು ಸರಿಯಾಗಿಯೇ ಇದೆ, ಆದರೆ ಒಂದು ಮಾತನ್ನು ಆಕೆ ಸೇರಿಸಬೇಕಿತ್ತು. ಋತು ಬದಲಾದರೂ ತಾನು ಬದಲಾಗದ ವಾದ್ಯ, ಕೈಗೆ ಬಂದ ದಿನವೇ ಸರಿಯಾಗಿರಬೇಕು. ಏಕೆಂದರೆ ಆಮೇಲೆ ಅದನ್ನು ಸರಿಪಡಿಸುವ ದಾರಿಗಳು ಮರದ ಗಿಟಾರಿಗಿಂತ ಕಡಿಮೆ.

ಮೊದಲು ಅಣ್ಣನ ಗಿಟಾರಿಗೆ ಏನಾಯಿತೆಂದು ನೋಡೋಣ. ಸ್ಟೀಲ್ ತಂತಿಯ ಗಿಟಾರನ್ನು ಶ್ರುತಿ ಮಾಡಿದಾಗ ಆರು ತಂತಿಗಳೂ ಒಟ್ಟಾಗಿ ಸುಮಾರು 70 ಕಿಲೊ ಭಾರದಷ್ಟು ಎಳೆಯುತ್ತವೆ. ಆ ಎಳೆತವನ್ನು ತಡೆದುಕೊಳ್ಳುವುದು ಮೂರು ಮಿಲಿಮೀಟರಿಗೂ ತೆಳುವಾದ ಸ್ಪ್ರೂಸ್ ಹಲಗೆ ಮತ್ತು ಅದರ ಒಳಬದಿಗೆ ಅಂಟಿಸಿದ ಕೆಲವು ಪಟ್ಟಿಗಳು. ಮರದ ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55 ಎಂದು ತಯಾರಕರು ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಅದು 85ನ್ನು ದಾಟಿ ದಿನಗಟ್ಟಲೆ ಅಲ್ಲೇ ನಿಲ್ಲುತ್ತದೆ. ನೀರು ಕುಡಿದ ಹಲಗೆ ಅಗಲವಾಗಲು ನೋಡುತ್ತದೆ, ಅಂಚುಗಳು ಬಿಗಿಯಾಗಿ ಅಂಟಿರುವುದರಿಂದ ಬೇರೆ ದಾರಿಯಿಲ್ಲದೆ ನಡುವೆ ಉಬ್ಬುತ್ತದೆ, ಅದರೊಡನೆ, ತಂತಿಗಳನ್ನು ಹಲಗೆಗೆ ಬಿಗಿದಿಡುವ ಬ್ರಿಡ್ಜೂ ಮೇಲೇರುತ್ತದೆ, ತಂತಿಗಳು ಬೆರಳೊತ್ತುವ ಪಟ್ಟಿಯಾದ ಫಿಂಗರ್‌ಬೋರ್ಡಿನಿಂದ ದೂರ ಸರಿಯುತ್ತವೆ. ಅರ್ಧ ಮಿಲಿಮೀಟರು ಏರಿದರೂ ಸಾಕು, ಬೇಸಿಗೆಯಲ್ಲಿ ಸಲೀಸಾಗಿ ಹಿಡಿಯುತ್ತಿದ್ದ ಕಾರ್ಡು (ಹಲವು ಸ್ವರಗಳ ಒಂದೇ ಹಿಡಿತ) ಆಟಿ ತಿಂಗಳಲ್ಲಿ ಬೆರಳು ಕೊರೆಯುತ್ತದೆ.

ನುರಿತವರಿಗೆ ಇದು ವಾದ್ಯದ ತಪ್ಪೆಂದು ಕೂಡಲೇ ತಿಳಿಯುತ್ತದೆ. ಹೊಸಬರಿಗೆ ತಿಳಿಯುವುದಿಲ್ಲ; ಅವರು ತಮ್ಮ ಬೆರಳುಗಳನ್ನೇ ದೂರುತ್ತಾರೆ, ವಯಸ್ಸನ್ನು ದೂರುತ್ತಾರೆ, ಕೊನೆಗೆ ಕಲಿಯುವುದನ್ನೇ ಬಿಡುತ್ತಾರೆ. ಕಲಿಯುವವರಿಗೆ ಎಂಥದ್ದಾದರೂ ನಡೆಯುತ್ತದೆ ಎಂಬ ಮಾಸ್ಟ್ರ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ತಪ್ಪು ಕೈಯದೋ ಗಿಟಾರಿನದೋ ಎಂದು ಗುರುತಿಸಲಾಗದ ಹಂತದಲ್ಲಿ ಇರುವವರಿಗೇ ಜೂನ್‌ನಲ್ಲೂ ಜನವರಿಯಲ್ಲೂ ಒಂದೇ ಥರ ಇರುವ ವಾದ್ಯ ಹೆಚ್ಚು ಬೇಕು. ಹಾಗೆಂದು ಅದಕ್ಕೆ ಎರಡೂವರೆ ಲಕ್ಷವೇ ಆಗಬೇಕೆಂದಿಲ್ಲ. ಆ ವಿಚಾರ ಮುಂದಿನ ಪ್ರಶ್ನೆಯಲ್ಲಿ ಬರುತ್ತದೆ.

ಮಳೆಯಷ್ಟೇ ಅಲ್ಲ, ಬಿಸಿಲೂ ಶತ್ರುವೇ. ಹಿಂದೊಮ್ಮೆ ಏಪ್ರಿಲಿನ ಮಧ್ಯಾಹ್ನ ನನ್ನ ಮರದ ಗಿಟಾರನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟು ಪಣಂಬೂರಿನಲ್ಲಿ ಎರಡು ಗಂಟೆ ಕಳೆದೆ. ಮರಳಿ ಬಂದು ನೋಡಿದಾಗ ಬ್ರಿಡ್ಜಿನ ಹಿಂದಿನ ಅಂಚು ಎದ್ದಿತ್ತು. ಜೇಬಿನಲ್ಲಿದ್ದ ಬಸ್ ಟಿಕೆಟು ಅದರಡಿಗೆ ಸಲೀಸಾಗಿ ಹೋಗಿ ನಿಂತಿತು. ಬಿಸಿಗೆ ಅಂಟು ಮೆತ್ತಗಾಗಿತ್ತು, ತಂತಿಗಳು ತಮ್ಮ ಕೆಲಸ ಮಾಡಿದ್ದವು. ಕಾರ್ಬನ್ ಗಿಟಾರಿನಲ್ಲೂ ಅಂಟಿದೆ, ರೆಸಿನ್ ಎಂಬ ಗಟ್ಟಿಯಾಗುವ ಅಂಟುರಸ ಇದೆ, ಆದ್ದರಿಂದ ಈ ಒಂದು ವಿಷಯದಲ್ಲಿ ಅದಕ್ಕೂ ವಿನಾಯಿತಿ ಕೊಡಬೇಡಿ.

ಇನ್ನು ಕಾರ್ಬನ್ ಫೈಬರ್ ಎಂದರೆ ಏನು ಎಂಬುದನ್ನು ಕಾಪುವಿನವರಿಗೆ ವಿವರಿಸುವುದು ಸುಲಭ. ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವುದನ್ನು ನೀವು ನೋಡಿರಬಹುದು: ಅಚ್ಚಿನ ಮೇಲೆ ಗಾಜಿನ ನಾರಿನ ಚಾಪೆ ಹಾಸಿ, ರೆಸಿನ್ ಸವರಿ, ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸುತ್ತಾರೆ. ಗಾಜಿನ ನಾರಿನ ಜಾಗದಲ್ಲಿ ಇಂಗಾಲದ ನಾರಿನ ನೇಯ್ಗೆ, ಸಾಮಾನ್ಯವಾಗಿ ಎಪಾಕ್ಸಿ ರೆಸಿನ್, ಹೆಚ್ಚಿನ ಒತ್ತಡ, ಹೆಚ್ಚು ನಾಜೂಕಿನ ಕೆಲಸ. ಮೂಲ ವಿದ್ಯೆ ಮಾತ್ರ ಅದೇ. ಐರ್ಲೆಂಡಿನ ಡೊನೆಗಲ್‌ನಲ್ಲಿ ಎಮರಾಲ್ಡ್ ಗಿಟಾರುಗಳನ್ನು ಮಾಡುವ ಅಲಿಸ್ಟರ್ ಹೇ ಮೊದಲು ದೋಣಿಗಳ ಕೆಲಸದಲ್ಲಿದ್ದವರೇ. ಇನ್ನೂ ಹಿಂದೆ, 1966ರಲ್ಲಿ, ಅಮೆರಿಕದ ಹೆಲಿಕಾಪ್ಟರ್ ತಯಾರಕ ಚಾರ್ಲ್ಸ್ ಕಾಮನ್ ಗಾಜಿನ ನಾರಿನ ಗುಂಡು ಬೆನ್ನಿನ ಓವೇಷನ್ ಗಿಟಾರನ್ನು ಹೊರತಂದರು. ಅದರ ಮುಂಭಾಗದ ಹಲಗೆ ಮಾತ್ರ ಮರದ್ದೇ ಆಗಿತ್ತು. ಪೂರ್ತಿ ಕಾರ್ಬನ್ನಿನ ಗಿಟಾರು ಅಂಗಡಿಗೆ ಬಂದದ್ದು 1990ರ ದಶಕದಲ್ಲಿ, ಹವಾಯಿಯ ಭೌತವಿಜ್ಞಾನಿ ಜಾನ್ ಡೆಕರ್ ಅವರ ರೈನ್‌ಸಾಂಗ್ ಮೂಲಕ. ಹೆಸರಿನಲ್ಲೇ ಮಳೆಯಿರುವುದನ್ನು ಗಮನಿಸಿ. ದ್ವೀಪದವರಿಗೂ ನಮ್ಮದೇ ಕಷ್ಟ.

ಈಗ ಮಗಳು ಸೇರಿಸಬೇಕಿದ್ದ ಮಾತಿಗೆ ಬರುತ್ತೇನೆ. ಮರದ ಗಿಟಾರಿನ ಕತ್ತಿನೊಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳಿರುತ್ತದೆ. ಕತ್ತು ಬಾಗಿದರೆ ಅದನ್ನು ತಿರುಗಿಸಿ ನೇರ ಮಾಡಬಹುದು. ಕೆಲವು ಕಾರ್ಬನ್ ಗಿಟಾರುಗಳಲ್ಲಿ ಕತ್ತು ಬಾಗುವುದೇ ಇಲ್ಲವೆಂದು ಆ ಸರಳನ್ನೇ ಬಿಟ್ಟಿರುತ್ತಾರೆ. ಕತ್ತೂ ಒಡಲೂ ಒಂದೇ ಅಚ್ಚಿನಲ್ಲಿ ಮೂಡಿದ್ದರೆ ಕತ್ತನ್ನು ಬಿಚ್ಚಿ ಕೋನ ಬದಲಿಸಿ ಕೂರಿಸುವ ಮಾತೂ ಇಲ್ಲ. ಆಗ ಉಳಿಯುವುದು ಸ್ಯಾಡಲ್ಲು (ಬ್ರಿಡ್ಜಿನ ಮೇಲೆ ತಂತಿ ಕೂರುವ ಪಟ್ಟಿ), ನಟ್ಟು (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಮತ್ತು ಫ್ರೆಟ್ಟುಗಳನ್ನು (ಕತ್ತಿನ ಮೇಲಿನ ಅಡ್ಡ ಲೋಹದ ಗೆರೆಗಳು) ಉಜ್ಜಿ ಸರಿಮಾಡುವ ಕೆಲಸ ಮಾತ್ರ. ಆದ್ದರಿಂದ ಮಗಳು ದುಬೈಯ ಅಂಗಡಿಯಲ್ಲೇ ಪರೀಕ್ಷಿಸಿ ತರಲಿ. ಅಳತೆಯ ಸಾಧನ ಬೇಕಾಗಿಲ್ಲ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರು, ಉಬ್ಬಿದ ಅಕ್ಷರಗಳಿಲ್ಲದ ಮೂರು ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಹನ್ನೆರಡನೆಯ ಫ್ರೆಟ್ಟಿನ ಮೇಲೆ, ಅತಿ ದಪ್ಪ ತಂತಿಯ ಅಡಿಗೆ ಜಾರಿಸಬೇಕು. ತಂತಿಯನ್ನು ಎತ್ತದೆ ಮೂರು ಹಿಡಿದರೆ ಸರಿ. ನಾಲ್ಕು ಕಾರ್ಡುಗಳು ಆರಾಮವಾಗಿ ಹೋದರೆ ಹೊಸ ಬೆರಳುಗಳಿಗೆ ಅದು ಎತ್ತರವಾಯಿತು. ಅನಂತರ ಒಂದೊಂದು ತಂತಿಯನ್ನೂ ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ, ಮೊದಲ ಫ್ರೆಟ್ಟಿಗೂ ತಂತಿಗೂ ನಡುವೆ ನೋಡಬೇಕು: ಒಂದು ಹಾಳೆ ಕಾಗದ ನುಸುಳುವಷ್ಟು ಸಂದು ಇದ್ದರೆ ಸಾಕು. ಹೆಚ್ಚಿದ್ದರೆ ನಟ್ಟಿನಲ್ಲಿ ತಂತಿ ಕೂರುವ ಕಚ್ಚುಗಳನ್ನು ಅಂಗಡಿಯವರೇ ಆಳ ಮಾಡಿಕೊಡಬೇಕು. ಎಲ್ಲ ತಂತಿಗಳನ್ನೂ ಎಲ್ಲ ಫ್ರೆಟ್ಟುಗಳಲ್ಲೂ ಒಮ್ಮೆ ಮೀಟಿ, ಎಲ್ಲಾದರೂ ಗುಂಯ್‌ಗುಟ್ಟುತ್ತದೆಯೇ ಎಂದು ಕೇಳಿಸಿಕೊಳ್ಳಲಿ. ಹತ್ತು ನಿಮಿಷದ ಕೆಲಸ.

ಕೈಯ ಅಳತೆಯೂ ಮುಖ್ಯ. ನಟ್ಟಿನ ಅಗಲ 43 ಮಿಲಿಮೀಟರೋ 44.5 ಮಿಲಿಮೀಟರೋ ಎಂಬುದು ಕಾಗದದ ಮೇಲೆ ಕ್ಷುಲ್ಲಕವಾಗಿ ಕಂಡರೂ ಬೆರಳಿಗೆ ದೊಡ್ಡ ವ್ಯತ್ಯಾಸ. ಡ್ರೆಡ್‌ನಾಟ್ ಎಂಬ ದೊಡ್ಡ ಒಡಲು ತೊಡೆಯ ಮೇಲಿದ್ದರೆ ಬಲತೋಳು ಹೆಗಲಿನವರೆಗೆ ಎತ್ತಿಕೊಳ್ಳುತ್ತದೆ. ಐವತ್ತರ ಹತ್ತಿರದ ಹೆಗಲಿಗೆ ಸಣ್ಣ ಒಡಲೇ ವಾಸಿ ಎಂಬುದು ನನ್ನ ಅನುಭವ. ಇದನ್ನು ಮಗಳ ಕೈಯಿಂದ ಅಳೆಯಲಾಗದು. ಮಂಗಳೂರಿಗೋ ಉಡುಪಿಗೋ ಹೋಗಿ, ಅಲ್ಲಿರುವ ಮರದ ಗಿಟಾರುಗಳನ್ನೇ ತೊಡೆಯ ಮೇಲಿಟ್ಟುಕೊಂಡು, ಯಾವ ಒಡಲು, ಯಾವ ಅಗಲ ಒಗ್ಗುತ್ತದೆಂದು ಬರೆದುಕೊಂಡು ಅವಳಿಗೆ ಕಳಿಸಿ. ತಂತಿ 12ರ ಸೆಟ್ಟಿನ ಬದಲು 11ರದ್ದು ಇರಲಿ (ಸಂಖ್ಯೆ ಚಿಕ್ಕದಾದಷ್ಟೂ ತಂತಿ ತೆಳು). ಎಳೆತ ಕಡಿಮೆ, ಬೆರಳ ತುದಿ ಗಟ್ಟಿಯಾಗುವವರೆಗಿನ ಮೊದಲ ವಾರಗಳು ಸುಸೂತ್ರವಾಗಿ ಕಳೆಯುತ್ತವೆ.

ನಾದದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾರ್ಬನ್ನಿನ ದನಿ ಸ್ವಚ್ಛ, ಎಲ್ಲ ತಂತಿಗಳಲ್ಲೂ ಸಮಾನ, ಮೀಟಿದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಮರದ ದನಿ ಬೇಗ ಮಾಗಿ ಕರಗುತ್ತದೆ, ಅದರಲ್ಲೊಂದು ಬೆಚ್ಚಗಿನ ಅಸ್ಪಷ್ಟತೆಯಿರುತ್ತದೆ. ಹಲಸಿನ ಮರದ ಮದ್ದಳೆಯನ್ನು ಕೇಳಿ ಬೆಳೆದ ನನ್ನ ಕಿವಿಗೆ ಮರವೇ ಇಷ್ಟ. ಆದರೆ ಬೂಷ್ಟು ಹಿಡಿದು ಅಟ್ಟದಲ್ಲಿರುವ ಮರದ ಗಿಟಾರಿಗಿಂತ ಕೈಯಲ್ಲಿರುವ ಕಾರ್ಬನ್ನೇ ಚೆನ್ನಾಗಿ ಕೇಳಿಸುತ್ತದೆ. ತರುವುದಾದರೆ ಬಿಲ್ಲು ಜೊತೆಗಿರಲಿ. ಪ್ರಯಾಣಿಕರಿಗಿರುವ ವಿನಾಯಿತಿಯ ಮಿತಿ ಮೀರಿದ ಬೆಲೆಗೆ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ಅಂಗಡಿಯಲ್ಲಿ ತೋರಿಸಿದ ಒಂದು ಹೆಸರಾಂತ ಕಂಪನಿಯ ಗಿಟಾರಿನ ಹಿಂಬದಿ ನಮ್ಮ ಅಡುಗೆಮನೆಯ ಸನ್‌ಮೈಕಾದಂತಿತ್ತು. ಫಿಂಗರ್‌ಬೋರ್ಡು ಕಾಗದದಿಂದ ಮಾಡಿದ್ದಂತೆ. ಇದಕ್ಕೆ ಐವತ್ತು ಸಾವಿರಕ್ಕೂ ಮೇಲೆ ಕೇಳುವುದು ನ್ಯಾಯವೇ?
– ಓದುಗರೊಬ್ಬರು, ಕಂಕನಾಡಿ, ಮಂಗಳೂರು

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಗುರುತಿಸಿದೆ. ರೆಸಿನ್ನಿನಲ್ಲಿ ಅದ್ದಿದ ಕಾಗದದ ಪದರಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ ಅದು. ಸನ್‌ಮೈಕಾದ ಹತ್ತಿರದ ನೆಂಟ. 1833ರಲ್ಲಿ ಶುರುವಾದ ಮಾರ್ಟಿನ್ ಕಂಪನಿಯೇ ತನ್ನ ಎಕ್ಸ್ ಸರಣಿಯ ಗಿಟಾರುಗಳನ್ನು ಇದರಿಂದ ಮಾಡುತ್ತದೆ. ಫಿಂಗರ್‌ಬೋರ್ಡಿಗೆ ಬಳಸುವ ರಿಚ್‌ಲೈಟ್ ಕೂಡ ಕಾಗದ ಮತ್ತು ರೆಸಿನ್ನಿನ ಕೂಡಿಕೆಯೇ. ಕರಿಮರದಷ್ಟೇ ಗಟ್ಟಿ, ಒಣಗಿ ಬಿರುಕು ಬಿಡುವ ಭಯವಿಲ್ಲ.

ಮೋಸವೆಂದು ತಿಳಿಯುವ ಮುನ್ನ ಮರದ ಕಥೆಯನ್ನೂ ಸ್ವಲ್ಪ ಕೇಳಿ. ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ಹೊರಳಿತು. ಅದು ಬೇರೇನೂ ಅಲ್ಲ, ನಮ್ಮ ಘಟ್ಟದ ಬೀಟೆ. ಹಳೆಯ ಮನೆಗಳ ಕಪಾಟು, ಮಂಚಗಳಲ್ಲಿ ಕಪ್ಪಗೆ ಹೊಳೆಯುವ ಅದೇ ಮರ. 1992ರಲ್ಲಿ ಬ್ರೆಜಿಲ್ಲಿನ ಜಾತಿಯ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದಡಿ ಕಟ್ಟುನಿಟ್ಟಿನ ತಡೆ ಬಿತ್ತು. 2017ರ ಜನವರಿಯಿಂದ ಬೀಟೆಯನ್ನೂ ಒಳಗೊಂಡ ಇಡೀ ಡಾಲ್ಬರ್ಜಿಯಾ ಕುಲಕ್ಕೇ ಗಡಿ ದಾಟಲು ಪರವಾನಗಿ ಬೇಕಾಯಿತು. ಸಿದ್ಧವಾದ ಸಂಗೀತ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಬೇರೆ ಸಾಮಗ್ರಿಗಳತ್ತ ತಯಾರಕರು ಹೊರಳಿದ್ದಕ್ಕೆ ಜಿಪುಣತನ ಒಂದೇ ಕಾರಣವಲ್ಲ.

ನಮ್ಮ ಹವೆಗೆ ಈ ಗಿಟಾರು ಒಳ್ಳೆಯದೇ; ಕಾಪುವಿನ ಓದುಗರೂ ಇದನ್ನು ಒಮ್ಮೆ ನೋಡಬಹುದು. ಆದರೆ ಖರೀದಿಗೆ ಮೊದಲು, ಮುಂಭಾಗದ ಹಲಗೆಯೂ ಇದೇ ಸಾಮಗ್ರಿಯದೋ ಅಥವಾ ಸ್ಪ್ರೂಸ್ ಮರದ್ದೋ ಎಂದು ಕೇಳಿ. ಬೆನ್ನು ಸನ್‌ಮೈಕಾದಂಥದ್ದಾಗಿ ಎದೆ ಮರದ್ದಾಗಿದ್ದರೆ, ಮಳೆಗಾಲದಲ್ಲಿ ಉಬ್ಬುವ ಭಾಗ ಹಾಗೆಯೇ ಉಳಿದಿದೆ ಎಂದರ್ಥ. ಎರಡೂ ಕಡೆ ಅದೇ ಇದ್ದರೆ ಚಿಂತೆ ಕಡಿಮೆ. ದನಿ ಮಾತ್ರ ಸ್ವಲ್ಪ ಮುಚ್ಚಿದಂತಿರುತ್ತದೆ, ಅಂಚು ಜಜ್ಜಿದರೆ ಮರದಂತೆ ಉಜ್ಜಿ ಪಾಲಿಶ್ ಮಾಡಲೂ ಬರುವುದಿಲ್ಲ. ಕಲಿಯುವವರು ಐವತ್ತು ಸಾವಿರದ ಈ ಗಿಟಾರನ್ನು ಕೊಂಡರೆ ನಾನು ತಲೆಯಾಡಿಸಿ ಒಪ್ಪುತ್ತೇನೆ.

ಪ್ರಶ್ನೆ: ಕಾರ್ಬನ್ ಗಿಟಾರು ಕೊಂಡಿದ್ದೇನೆ. ಇದನ್ನು ಪೆಟ್ಟಿಗೆಯಲ್ಲಿಡದೆ ಚಾವಡಿಯ ಗೋಡೆಗೆ ತೂಗುಹಾಕಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಒಡಲಿಗೆ ಏನೂ ಆಗದು. ಆದರೆ ತಂತಿ, ಫ್ರೆಟ್ಟು, ಶ್ರುತಿಯ ಬಿರಡೆಗಳು ಲೋಹದವೇ, ಉಪ್ಪುಗಾಳಿಗೆ ಅವು ಯಾರನ್ನೂ ಕೇಳದೆ ತುಕ್ಕೋ ಕಿಲುಬೋ ಹಿಡಿಯುತ್ತವೆ. ಲೇಪವಿರುವ ತಂತಿ ಹಾಕಿ, ನುಡಿಸಿದ ಮೇಲೆ ಹಳೆಯ ಬೈರಾಸಿನ ತುಂಡಿನಿಂದ ತಂತಿಗಳ ಅಡಿಬದಿಯನ್ನೂ ಒರೆಸಿ. ದನಿಯನ್ನು ಸ್ಪೀಕರಿಗೆ ಕಳಿಸುವ ಪಿಕಪ್ ಇದ್ದರೆ, ಪ್ಲಗ್ ಹಾಕಿ ನುಡಿಸದ ತಿಂಗಳುಗಳಲ್ಲಿ ಅದರ ಬ್ಯಾಟರಿಯನ್ನು ಹೊರಗೆ ತೆಗೆದಿಡಿ. ಒಳಗೇ ಸೋರಿ ಹಸಿರುಗಟ್ಟಿದರೆ ಆ ರಿಪೇರಿಗೆ ಕಾರ್ಬನ್ ಏನೂ ಸಹಾಯ ಮಾಡುವುದಿಲ್ಲ.