ಓಕ್‌ಲೀಫ್ ಹೈಡ್ರೇಂಜಿಯ ಸೊಂಪಾಗಿ ಬೆಳೆದರೂ ಹೂ ಬಿಡುತ್ತಿಲ್ಲ, ಯಾಕೆ?

ಚಳಿಗಾಲ ಮುಗಿಯುವಾಗ ಗಿಡ ಸವರಿದೆ ಅಂತ ಬರೆದಿದ್ದೀರಿ. ತಪ್ಪಾಗಿರುವುದು ಅಲ್ಲೇ. ಈ ಗಿಡ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕೊಂಬೆಯಲ್ಲಿ. ಮುಂದಿನ ವರ್ಷದ ಮೊಗ್ಗು ಬೇಸಿಗೆಯ ಕೊನೆಗೇ ಕೂರಲು ಶುರುವಾಗುತ್ತದೆ, ಆಮೇಲೆ ಕತ್ತರಿ ಹಾಕಿದರೆ ಹೂವನ್ನೇ ಕತ್ತರಿಸಿ ಎಸೆದ ಹಾಗೆ. ಸವರಲೇಬೇಕಿದ್ದರೆ ಹೂ ಬಾಡಿದ ತಕ್ಷಣ ಸವರಿ. ಒಣಗಿದ ಕಡ್ಡಿಯನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.

ಕಾಂಡದ ಸಿಪ್ಪೆ ಕಂದು ಕಾಗದದಂತೆ ಸುರುಳಿ ಸುತ್ತಿ ಏಳುತ್ತದಲ್ಲ, ಅದು ರೋಗ ಅಲ್ಲ, ಗಿಡದ ಗುಣವೇ ಹಾಗೆ. ನನಗಂತೂ ಅದೇ ಇಷ್ಟ.

ಇದು ಅಮೆರಿಕದ ಆಗ್ನೇಯ ಭಾಗದ ಕಾಡಿನ ಗಿಡ, ದೊಡ್ಡ ಮರಗಳ ಕೆಳಗೆ ಬೆಳೆಯುವಂಥದ್ದು. ಹಾಗಾಗಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಕ್ಕರೆ ಸಾಕು. ದಟ್ಟ ನೆರಳಿನಲ್ಲಿ ಹೂ ಕಡಿಮೆ. ನೀರು ನಿಂತರೆ ಬೇರು ಬೇಗ ಕೊಳೆಯುತ್ತದೆ, ಅದಕ್ಕೇ ಜೇಡಿಮಣ್ಣಾದರೆ ಸ್ವಲ್ಪ ಎತ್ತರದ ಮಡಿ ಮಾಡಿ ನೆಡಿ. ಬುಡಕ್ಕೆ 2–3 ಇಂಚು ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಸಾರಜನಕದ ಗೊಬ್ಬರ ಜಾಸ್ತಿ ಹಾಕಬೇಡಿ, ಸುಮ್ನೆ ಎಲೆಯಷ್ಟೇ ಬೆಳೆಯುತ್ತದೆ.

ಮಣ್ಣು ಹುಳಿ ಮಾಡಿದರೆ ಹೂ ನೀಲಿಯಾಗುತ್ತದಾ ಅಂತಲೂ ಕೇಳಿದ್ದೀರಿ. ಇದರಲ್ಲಿ ಆಗುವುದಿಲ್ಲ. ಹೂ ಬಿಳಿಯಾಗಿ ಅರಳಿ, ಹಳತಾದಂತೆ ತಾನಾಗಿಯೇ ಗುಲಾಬಿಗೆ ತಿರುಗುತ್ತದೆ.