ಬೆನ್ನುಹುರಿಯ ಒಪಿಯಾಯ್ಡ್ ಗ್ರಾಹಕಗಳು: ಯಾವುದನ್ನು ತಡೆದಿರಿ ಎಂದು ಹೇಗೆ ತಿಳಿಯುವುದು?

ಪ್ರಶ್ನೆ: ಬೆನ್ನುಹುರಿಗೆ ಕೊಟ್ಟ ಮಾರ್ಫಿನ್ ಅಲ್ಲೇ ನೋವು ತಗ್ಗಿಸುತ್ತದೆ. ಯಾವ ಗ್ರಾಹಕದ (ನರಕೋಶದ ಮೇಲೆ ಔಷಧ ಅಂಟುವ ಅಣುವಿನ) ಮೂಲಕ ಎಂದು ತಿಳಿಯಲು ಒಪಿಯಾಯ್ಡ್ ಗ್ರಾಹಕಗಳನ್ನು ಮುಚ್ಚುವ ನಲಾಕ್ಸೋನ್ ಸಾಲದೆ? ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ) ರೂಪದ ತಡೆ ಏಕೆ ಬೇಕು?

ಉತ್ತರ: ಸಾಲದು. ಒಪಿಯಾಯ್ಡ್ ಗ್ರಾಹಕಗಳಲ್ಲಿ ಮ್ಯೂ, ಡೆಲ್ಟಾ, ಕಪ್ಪಾ ಎಂದು ಮೂರು ಬಗೆ. ನಲಾಕ್ಸೋನ್ ಮ್ಯೂ ಗ್ರಾಹಕಕ್ಕೆ ಹೆಚ್ಚು ಬಲವಾಗಿ ಅಂಟುತ್ತದೆ ನಿಜ, ಆದರೆ ಪ್ರಮಾಣ ಏರಿಸಿದರೆ ಡೆಲ್ಟಾ, ಕಪ್ಪಾಗಳನ್ನೂ ಬಿಡುವುದಿಲ್ಲ. ಅದರಿಂದ ‘ಇದು ಒಪಿಯಾಯ್ಡ್ ಪರಿಣಾಮ’ ಎನ್ನಬಹುದು, ಅಷ್ಟೇ. ಬೆನ್ನುಹುರಿಯ ಹಿಂಭಾಗದಲ್ಲಿ ನೋವಿನ ಸಂಕೇತ ಬಂದು ಸೇರುವ ಡಾರ್ಸಲ್ ಹಾರ್ನ್‌ನ ಮೇಲಿನ ಎರಡು ಪದರಗಳಲ್ಲಿ ಮೂರೂ ಬಗೆಯ ಗ್ರಾಹಕಗಳಿವೆ, ಮೂರರ ಕೆಲಸವೂ ಹೆಚ್ಚುಕಡಿಮೆ ಒಂದೇ: ನೋವು ಹೊತ್ತು ತರುವ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವುದನ್ನು ತಡೆದು ಗ್ಲುಟಮೇಟ್, ಸಬ್‌ಸ್ಟೆನ್ಸ್ ಪಿ ಎಂಬ ಸಂಕೇತ ಸಾಗಿಸುವ ರಾಸಾಯನಿಕಗಳ ಬಿಡುಗಡೆ ಕುಗ್ಗಿಸುವುದು, ಮುಂದಿನ ನರಕೋಶದಿಂದ ಪೊಟ್ಯಾಸಿಯಂ ಹೊರಬಿಟ್ಟು ಅದು ಸುಲಭಕ್ಕೆ ಕೆರಳದಂತೆ ಮಾಡುವುದು. ಹೀಗಾಗಿ ಫಲ ನೋಡಿ ಬಗೆ ಹೇಳಲಾಗದು, ಒಂದೊಂದನ್ನೇ ಮುಚ್ಚಿ ನೋಡಬೇಕು. ಪೆಪ್ಟೈಡ್ ಗ್ರಾಹಕವನ್ನು ಹಲವು ಕಡೆ ತಾಗುವುದರಿಂದ ಆಯ್ಕೆ ಹೆಚ್ಚು ಖಚಿತ.

ಪ್ರಶ್ನೆ: ಯಾವುದಕ್ಕೆ ಯಾವ ಪೆಪ್ಟೈಡ್?

ಉತ್ತರ: ಮ್ಯೂಗೆ ಸಿಟಿಒಪಿ ಅಥವಾ ಸಿಟಿಎಪಿ. ಎರಡೂ ಎಂಟು ಅಮೈನೋ ಆಮ್ಲಗಳ ಉಂಗುರಾಕಾರದ ಪೆಪ್ಟೈಡ್‌ಗಳು, ಸೊಮ್ಯಾಟೊಸ್ಟಾಟಿನ್ ಎಂಬ ಹಾರ್ಮೋನಿನ ರಚನೆಯಿಂದ ಬಂದವು. ಐದನೇ ಸ್ಥಾನದಲ್ಲಿ ಸಿಟಿಒಪಿಗೆ ಆರ್ನಿಥಿನ್, ಸಿಟಿಎಪಿಗೆ ಆರ್ಜಿನಿನ್. ವ್ಯತ್ಯಾಸ ಸಣ್ಣದು, ಪರಿಣಾಮ ಸಣ್ಣದಲ್ಲ: ಇಲಿಯ ಮಿದುಳುಕಾಂಡದ ಲೋಕಸ್ ಸೆರೂಲಿಯಸ್ ಭಾಗದ ನರಕೋಶಗಳಲ್ಲಿ ಸಿಟಿಒಪಿ ತಾನೇ ಪೊಟ್ಯಾಸಿಯಂ ಪ್ರವಾಹ ಹೆಚ್ಚಿಸುತ್ತದೆ, ಸಿಟಿಎಪಿ ಹಾಗೆ ಮಾಡುವುದಿಲ್ಲ. ತಡೆಯುವ ವಸ್ತುವೇ ನರವನ್ನು ತಣ್ಣಗಾಗಿಸಿದರೆ ಫಲಿತಾಂಶ ಗೋಜಲಾಗದೆ ಇದ್ದೀತೆ? ಹೊಸದಾಗಿ ಶುರುಮಾಡುವವರು ಸಿಟಿಎಪಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಡೆಲ್ಟಾಗೆ ಟಿಐಪಿಪಿ: ಟೈರೋಸಿನ್, ಟಿಕ್ ಎಂಬ ಕೃತಕ ಅಮೈನೋ ಆಮ್ಲ, ಎರಡು ಫಿನೈಲಾಲನಿನ್ ಸೇರಿದ ಪೆಪ್ಟೈಡ್. ಪೆಪ್ಟೈಡ್ ಅಲ್ಲದ ನಾಲ್ಟ್ರಿಂಡೋಲ್ ಕೂಡ ಬಳಕೆಯಲ್ಲಿದೆ. ಕಪ್ಪಾಗೆ, ಅದನ್ನು ಉದ್ದೀಪಿಸುವ ದೇಹದ್ದೇ ಪೆಪ್ಟೈಡ್ ಆದ ಡೈನಾರ್ಫಿನ್‌ನಿಂದ ರೂಪಿಸಿದ ಅರೋಡಿನ್‌ನಂಥ ಪೆಪ್ಟೈಡ್‌ಗಳಿದ್ದರೂ ಹೆಚ್ಚಿನವರು ನಾರ್-ಬಿಎನ್‌ಐ ಎಂಬ ಪೆಪ್ಟೈಡ್ ಅಲ್ಲದ ವಸ್ತುವನ್ನೇ ಬಳಸುತ್ತಾರೆ. ಅದರದ್ದೊಂದು ಚಾಳಿ ಇದೆ: ಕೊಟ್ಟ ಹೊಸತರಲ್ಲಿ ಮ್ಯೂವನ್ನೂ ತಡೆಯುತ್ತದೆ, ಕಪ್ಪಾ ತಡೆ ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಆದ್ದರಿಂದ 24 ಗಂಟೆ ಮೊದಲೇ ಕೊಡಿ, ಅದೇ ಪ್ರಾಣಿಯನ್ನು ಮುಂದಿನ ವಾರ ಬೇರೆ ಗುಂಪಿಗೆ ಸೇರಿಸಬೇಡಿ.

ಪ್ರಶ್ನೆ: ನನ್ನ ಪ್ರಯೋಗದಲ್ಲಿ ಸಿಟಿಒಪಿ ಒಮ್ಮೆ ತಡೆಯುತ್ತದೆ, ಒಮ್ಮೆ ಇಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ತೂಕ ನೋಡಿ. ಸಿಟಿಒಪಿಯ ಅಣುತೂಕ ಸುಮಾರು 1062. ಮೌಸ್‌ಗೆ 5 ಮೈಕ್ರೋಲೀಟರ್‌ನಲ್ಲಿ 1 ನ್ಯಾನೋಮೋಲ್ ಕೊಡಬೇಕಿದ್ದರೆ ದ್ರಾವಣದಲ್ಲಿ ಪ್ರತಿ ಮಿಲಿಲೀಟರ್‌ಗೆ 212 ಮೈಕ್ರೋಗ್ರಾಂ ಇರಬೇಕು. ಆದರೆ ಸೀಸೆಯ ಪುಡಿ ಪೂರ್ತಿ ಪೆಪ್ಟೈಡ್ ಅಲ್ಲ, ಅದರಲ್ಲಿ ಟ್ರೈಫ್ಲೂರೊಅಸಿಟೇಟ್ (ತಯಾರಿಕೆಯಿಂದ ಉಳಿದ ಲವಣ) ಮತ್ತು ನೀರೂ ಇರುತ್ತವೆ. ಪ್ರಮಾಣಪತ್ರದಲ್ಲಿ ನಿವ್ವಳ ಪೆಪ್ಟೈಡ್ 80% ಎಂದಿದ್ದರೆ 1 ಮಿಲಿಗ್ರಾಂ ಪುಡಿಗೆ 3.77 ಮಿಲಿಲೀಟರ್ ಸಲೈನ್ ಸಾಕು. ಅದನ್ನು ನೋಡದೆ 4.71 ಹಾಕಿದರೆ ಡೋಸ್ ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಎರಡು ಬ್ಯಾಚ್‌ಗಳ ನಡುವಿನ ಏರುಪೇರಿಗೆ ಇದೇ ಸಾಮಾನ್ಯ ಕಾರಣ.

ಫ್ರೀಜರ್‌ನಿಂದ ತೆಗೆದ ಸೀಸೆಯನ್ನು ಕೋಣೆಯ ಉಷ್ಣಕ್ಕೆ ಬಂದ ಮೇಲೆಯೇ ತೆರೆಯಿರಿ, ಇಲ್ಲವಾದರೆ ಪುಡಿ ತೇವ ಹೀರುತ್ತದೆ. ದ್ರಾವಣವನ್ನು ಒಂದೊಂದು ದಿನದ ಬಳಕೆಯಷ್ಟು ಹಂಚಿ, ಪೆಪ್ಟೈಡ್ ಅಂಟದ ಟ್ಯೂಬ್‌ಗಳಲ್ಲಿ ಹೆಪ್ಪುಗಟ್ಟಿಸಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಡಿಟಿಟಿಯಂಥ ಅಪಕರ್ಷಕ ಹತ್ತಿರ ಬಂದರೆ ಗಂಧಕದ ಬಂಧ ಮುರಿದು ಉಂಗುರ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಸೂಜಿ. 1980ರಲ್ಲಿ ಹೈಲ್ಡನ್ ಮತ್ತು ವಿಲ್ಕಾಕ್ಸ್ ವಿವರಿಸಿದ ವಿಧಾನವೇ ಇಂದಿಗೂ ರೂಢಿ: 30 ಗೇಜ್ ಸೂಜಿ, ಸೊಂಟದ ಐದು-ಆರನೇ ಕಶೇರುಗಳ ನಡುವೆ. ಸೂಜಿ ಸರಿಯಾಗಿ ಒಳಸೇರಿದರೆ ಬಾಲ ಥಟ್ಟನೆ ಅಲುಗುತ್ತದೆ. ಅಲುಗದಿದ್ದರೆ ಆ ಪ್ರಾಣಿಯ ಅಂಕಿ ಲೆಕ್ಕಕ್ಕಿಲ್ಲ ಎಂದು ಮೊದಲೇ ನಿಯಮ ಮಾಡಿಕೊಳ್ಳಿ. ಮೌಸ್‌ನ ಮಿದುಳು-ಬೆನ್ನುಹುರಿ ದ್ರವವೇ ಒಟ್ಟು 40 ಮೈಕ್ರೋಲೀಟರ್‌ನೊಳಗೆ. ಐದರ ಬದಲು ಹತ್ತು ತಳ್ಳಿದರೆ ಔಷಧ ಮೇಲಕ್ಕೇರಿ, ನೀವು ಅಳೆಯುವುದು ಬೆನ್ನುಹುರಿಯನ್ನಷ್ಟೇ ಅಲ್ಲ. ಬಣ್ಣ ಚುಚ್ಚಿ ಎಲ್ಲಿವರೆಗೆ ಹೋಯಿತು ಎಂದು ಶವಪರೀಕ್ಷೆಯಲ್ಲಿ ನೋಡಿ ಕೈ ಪಳಗಿಸಿಕೊಳ್ಳಿ. ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಮೊದಲೇ ಇರಬೇಕು ಎಂಬುದು ಗೊತ್ತಿದ್ದದ್ದೇ.

ಲೆಕ್ಕಕ್ಕೆ ಬಂದರೆ: ಬಿಸಿಗೆ ಬಾಲ ಎಳೆಯಲು ಔಷಧಕ್ಕೆ ಮುನ್ನ 3 ಸೆಕೆಂಡ್, ಗಾಯವಾಗದಂತೆ ನಿಲ್ಲಿಸುವ ಮಿತಿ 10 ಸೆಕೆಂಡ್, ಔಷಧದ ನಂತರ 8 ಸೆಕೆಂಡ್ ಎಂದಿರಲಿ. ಹೆಚ್ಚಿದ್ದು ಐದು (8 − 3), ಹೆಚ್ಚಬಹುದಾದದ್ದು ಏಳು (10 − 3). ಐದನ್ನು ಏಳರಿಂದ ಭಾಗಿಸಿದರೆ 71% ಪರಿಣಾಮ. ತಡೆ ಕೊಟ್ಟಾಗ 4.4 ಸೆಕೆಂಡ್ ಬಂದರೆ 20%. ಮಿತಿಗೆ ಮುಟ್ಟಿಸುವಷ್ಟು ಮಾರ್ಫಿನ್ ಕೊಟ್ಟಿದ್ದರೆ ದುರ್ಬಲ ತಡೆ ಕಣ್ಣಿಗೇ ಬೀಳದು. 70-80% ಪರಿಣಾಮ ಕೊಡುವ ಡೋಸ್‌ನಿಂದ ಶುರುಮಾಡಿ.

ಅಷ್ಟಾದರೂ ‘ಮ್ಯೂ ತಡೆಯಾಯಿತು’ ಎನ್ನಲು ಅವಸರ ಬೇಡ. ಅದೇ ಡೋಸ್‌ನ ಸಿಟಿಒಪಿ ಮ್ಯೂ ಉದ್ದೀಪಕ ಡ್ಯಾಮ್ಗೊವನ್ನು ತಡೆಯಬೇಕು, ಡೆಲ್ಟಾದ ಡೆಲ್ಟಾರ್ಫಿನ್ ಮತ್ತು ಕಪ್ಪಾದ ಯು50,488 ಎರಡನ್ನೂ ತಡೆಯಬಾರದು. ಪರೀಕ್ಷಾನಳಿಕೆಯಲ್ಲಿ ಸಾವಿರ ಪಟ್ಟು ಆಯ್ಕೆಯಿದೆ ಎಂಬ ಮಾತು ನೀವು ಸೂಜಿಯಲ್ಲಿ ತಳ್ಳಿದ ಡೋಸ್‌ಗೆ ತಾನಾಗಿ ಅನ್ವಯಿಸುವುದಿಲ್ಲ.

ಪ್ರಶ್ನೆ: ಮ್ಯೂ-1, ಮ್ಯೂ-2 ಎಂಬ ಉಪಬಗೆಗಳು ನಿಜವಾಗಿಯೂ ಇವೆಯೆ?

ಉತ್ತರ: ಮ್ಯೂಗೆ ಜೀನ್ ಒಂದೇ. ಉಪಬಗೆಗಳು ಔಷಧಗಳ ವರ್ತನೆಯಿಂದ ಗುರುತಿಸಿದವು. ನಲಾಕ್ಸೊನಾಜಿನ್ ಎಂಬ ತಡೆಗೆ ಬಗ್ಗುವುದನ್ನು ಮ್ಯೂ-1 ಎಂದರು. 1997ರಲ್ಲಿ ವರದಿಯಾದ, ಮಿದುಳಿನಲ್ಲೇ ಸಿಕ್ಕ ಪೆಪ್ಟೈಡ್‌ಗಳಾದ ಎಂಡೊಮಾರ್ಫಿನ್-1, -2 ಎರಡೂ ಮ್ಯೂವನ್ನೇ ಹಿಡಿದರೂ ಬೆನ್ನುಹುರಿಯಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಎರಡನೆಯದು ನಲಾಕ್ಸೊನಾಜಿನ್‌ಗೆ ಬೇಗ ಸೋಲುತ್ತದೆ, ಡೈನಾರ್ಫಿನ್ ವಿರುದ್ಧದ ಪ್ರತಿಕಾಯ ಕೊಟ್ಟರೂ ಕುಗ್ಗುತ್ತದೆ. ಅಂದರೆ ಅದರ ಒಂದು ಪಾಲು ಕಪ್ಪಾ ದಾರಿಯಲ್ಲಿ ಸಾಗುತ್ತದೆ. ಎಂಡೊಮಾರ್ಫಿನ್‌ನ ಎರಡನೇ ಸ್ಥಾನದ ಪ್ರೋಲಿನ್ ಅನ್ನು ಡಿ-ಪ್ರೋಲಿನ್ (ಅದರ ಕನ್ನಡಿ ಬಿಂಬದ ರೂಪ) ಮಾಡಿದ ಪೆಪ್ಟೈಡ್‌ಗಳು ಇಲ್ಲಿ ತಡೆಗಳಾಗಿ ಉಪಯುಕ್ತ. ಎಂಡೊಮಾರ್ಫಿನ್ ಅನ್ನು ಅದೇ ಜಾಗದಲ್ಲಿ ಕತ್ತರಿಸುವ ಡಿಪಿಪಿ-4 ಕಿಣ್ವ ಅವುಗಳನ್ನು ಕತ್ತರಿಸಲಾರದು. ಉಪಬಗೆಯನ್ನು ಪ್ರತ್ಯೇಕ ಅಣು ಎಂದು ಬರೆಯಬೇಡಿ, ‘ನಲಾಕ್ಸೊನಾಜಿನ್‌ಗೆ ಬಗ್ಗುವ ಭಾಗ’ ಎಂದು ಬರೆದರೆ ಸಾಕು.

ಪ್ರಶ್ನೆ: ಬೆನ್ನುಹುರಿ ಮಾರ್ಫಿನ್‌ನಿಂದ ರೋಗಿಗೆ ತುರಿಕೆ, ಉಸಿರಾಟ ನಿಧಾನವಾದರೆ ಈ ಪೆಪ್ಟೈಡ್ ಕೊಡಬಹುದೆ?

ಉತ್ತರ: ಇಲ್ಲ, ಇವು ಪ್ರಯೋಗಾಲಯದ ಉಪಕರಣಗಳು. ಆಸ್ಪತ್ರೆಯಲ್ಲಿ ನಲಾಕ್ಸೋನ್ ಅನ್ನೇ ಸ್ವಲ್ಪಸ್ವಲ್ಪವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಅದರ ಪರಿಣಾಮ ಗಂಟೆಯ ಆಸುಪಾಸಿನಲ್ಲಿ ಇಳಿದರೆ ಬೆನ್ನುಹುರಿಯ ಮಾರ್ಫಿನ್ ಇನ್ನೂ ಅಲ್ಲೇ ಇರುತ್ತದೆ, ಉಸಿರಾಟ ಮತ್ತೆ ಕುಗ್ಗಬಹುದು. ಆದ್ದರಿಂದ ಅಗತ್ಯ ಬಿದ್ದರೆ ಡ್ರಿಪ್‌ನಲ್ಲಿ ಮುಂದುವರಿಸುತ್ತಾರೆ, ಉಸಿರಾಟದ ಮೇಲೆ 24 ಗಂಟೆ ಕಣ್ಣಿಡುತ್ತಾರೆ.